ಮೂರು ಗೆರೆ

ಮಧ್ಯಾಹ್ನ ಮೂರೂವರೆಗೇ ಸೊಸ್ನೋವಿಯೆತ್ಸಿನಲ್ಲಿ ಕತ್ತಲು.
ಇನ್ನೂರ ಹನ್ನೊಂದು, ಇನ್ನೂರ ಹನ್ನೆರಡು.
ಒಂದು ಕೈ ಎಣಿಕೆಯ ಗುಂಡಿಯ ಮೇಲೆ,
ಒಂದು ಸೂಕ್ಷ್ಮದರ್ಶಕದ ತಿರುಪಿನ ಮೇಲೆ.
ಚಹಾ ಆರಿದೆ, ನಿಂಬೆಹೋಳು ತಳ ಸೇರಿದೆ.

ಕಲ್ಲಿದ್ದಲ ಚೂರನ್ನು ಕುಟ್ಟಿ, ಆಮ್ಲದಲ್ಲಿ ನೆನೆಹಾಕಿ,
ತೊಳೆದು, ಮತ್ತೆ ತೊಳೆದು,
ಕರಗುವುದೆಲ್ಲ ಕರಗಿಹೋದ ಮೇಲೆ
ಜಿದ್ದಿಗೆ ಬಿದ್ದು ಉಳಿದದ್ದು ಇದು:
ಸುಟ್ಟ ಜೇನಿನ ಬಣ್ಣದ ಧೂಳು.
ಮೂವತ್ತೊಂದು ಕೋಟಿ ವರ್ಷ. ಬಾಯಲ್ಲಿ ಹೇಳುವುದು ಸುಲಭ,
ಸೊನ್ನೆ ಬರೆಯುವಾಗ ಕೈ ತಪ್ಪುತ್ತದೆ.

ಪ್ರತಿ ಬೀಜಕದ ನೆತ್ತಿಯ ಮೇಲೂ ಮೂರು ಗೆರೆ.
ಹುಟ್ಟುವಾಗ ನಾಲ್ವರು, ಒಂದೇ ಚೀಲದಲ್ಲಿ
ತಲೆಗೆ ತಲೆ ಒತ್ತಿ ಕೂತಿದ್ದವರು.
ಗಾಳಿ ಬಂದು ಬಿಡಿಸಿತು.
ಒತ್ತಿ ಕೂತಿದ್ದ ಜಾಗ ಮಾತ್ರ ಮಾಯಲಿಲ್ಲ.
ಉಳಿದ ಮೂವರು ಈ ಗಾಜಿನ ಮೇಲಿಲ್ಲ;
ಗೆರೆ ಇದೆ.

ಇವೆಲ್ಲ ಗಂಡು, ಹಗುರ, ತೇಲಿ ಬಂದವು.
ಹೆಣ್ಣು ಬೀಜಕ ಸಾಸಿವೆಯಷ್ಟು ದಪ್ಪ, ಬರಿಗಣ್ಣಿಗೇ ಕಾಣುತ್ತದೆ,
ಹಾರುವ ಹಂಗಿಲ್ಲ ಅದಕ್ಕೆ, ಬಿದ್ದ ಕೆಸರಲ್ಲೇ ಕಾಯುತ್ತದೆ.

ಮರ ಎನ್ನುತ್ತೇವೆ, ಅದು ಮರವೂ ಅಲ್ಲ.
ನಡುವೆ ತೆಳ್ಳನೆಯ ತಿರುಳು, ಮಿಕ್ಕಿದ್ದೆಲ್ಲ ತೊಗಟೆ.
ಎಲೆ ಉದುರಿದ ಕಡೆಯೆಲ್ಲ ಚೌಕುಳಿ ಚೌಕುಳಿ ಗಾಯ,
ಹಾವಿನ ಪೊರೆಯನ್ನು ಕಂಬಕ್ಕೆ ತೊಡಿಸಿದ ಹಾಗೆ.
ನೂರಡಿ ನೆಟ್ಟಗೆ ಬೆಳೆದು, ಕಡೆಗೊಮ್ಮೆ ತಲೆ ಕವಲೊಡೆದು,
ಇದ್ದಬದ್ದದ್ದನ್ನೆಲ್ಲ ಗಾಳಿಗೆ ಚೆಲ್ಲಿ
ಜೌಗಿಗೆ ಒರಗುತ್ತಿತ್ತು.
ಆಮೇಲೆ ಹವೆ ಒಣಗಿತು. ಜೌಗು ಬತ್ತಿತು.
ಎತ್ತರದವರು ಹೋದರು.

ಅಪ್ಪನಿಗೆ ಆ ಮರ ಗೊತ್ತು,
ಅವನು ಅದನ್ನು ಕೆಳಗಿನಿಂದ ನೋಡಿದವನು.
ಗಣಿಯ ಸೂರಿನಲ್ಲಿ ದುಂಡನೆಯ ಕಲ್ಲು,
ಸುತ್ತ ಉಗುರಿನಷ್ಟು ದಪ್ಪ ಹೊಳೆಯುವ ಕಪ್ಪು ಅಂಚು:
ಬುಡದ ಅಚ್ಚು. ರುದಾದ ಮುದುಕರು ಅದಕ್ಕೆ
ಶವಪೆಟ್ಟಿಗೆಯ ಮುಚ್ಚಳ ಎಂದು ಹೆಸರಿಟ್ಟಿದ್ದರು.
ಬಿರುಕು ಬಿಡುವುದಿಲ್ಲ, ಪುಡಿ ಉದುರಿಸಿ ಎಚ್ಚರಿಸುವುದಿಲ್ಲ,
ಎಣ್ಣೆಗೈಯಿಂದ ಪಾತ್ರೆ ಜಾರುವಂತೆ ಜಾರಿ ಬರುತ್ತದೆ.

ಎಪ್ಪತ್ತೆಂಟರ ನವೆಂಬರ್. ಪಾಳಿಯಲ್ಲಿ ನಾಲ್ವರು:
ಗಿಂತೆರ್, ಎವಾಲ್ಡ್, ವಿಂತ್ಸೆಂತಿ, ನಮ್ಮಪ್ಪ ಅಲೋಯ್ಸ್.
ಬ್ರೆಡ್ಡು ತಿನ್ನಲು ಕೂತಿದ್ದರು, ಮೊಣಕಾಲಿಗೆ ಮೊಣಕಾಲು ತಾಗಿಸಿ.
ಮೂವರು ಎದ್ದರು.

ಅಪ್ಪ ಇದನ್ನು ಹೇಳಿಲ್ಲ. ಹೇಳಿದ್ದು ಎವಾಲ್ಡನ ಹೆಂಡತಿ,
ಸಂತ ಬಾರ್ಬರಾಳ ಹಬ್ಬದ ಬೆಳಿಗ್ಗೆ,
ಗರಿಯ ಟೋಪಿಯ ವಾದ್ಯದವರು ಬೀದಿ ದಾಟುವಾಗ,
ಅರ್ಧ ತುತ್ತೂರಿಗೆ ಹೋಯಿತು, ಅರ್ಧ ನನಗೆ ಕೇಳಿಸಿತು.

ನಮ್ಮ ಲೆಕ್ಕದಲ್ಲೊಂದು ಗುಟ್ಟಿದೆ.
ಸತ್ತವರನ್ನು ಎಣಿಸಬೇಕಾದರೆ ಮೊನ್ನೆಮೊನ್ನೆಯವರನ್ನು ಬೆರೆಸಬೇಕು.
ವಿದ್ವಾಕ್ ಅಂತ, ಪೈನ್ ಕಾಡಿನ ನೆಲದಲ್ಲಿ ತೆವಳುವ ಗೇಣುದ್ದದ ಹಸಿರು,
ಆ ದೈತ್ಯರಿಗೆ ದೂರದ ನೆಂಟ;
ಅದರ ಬೀಜಕಗಳನ್ನು ಎಣಿಸಿ ಕಟ್ಟಿದ ಮಾತ್ರೆ,
ಒಂದಕ್ಕೆ ಹದಿನೆಂಟು ಸಾವಿರ ಚಿಲ್ಲರೆ.
ಗೊತ್ತಿದ್ದವರಲ್ಲಿ ಎಷ್ಟು ಜನ ಮತ್ತೆ ಸಿಕ್ಕರು ಎನ್ನುವುದರ ಮೇಲೆ
ಗೊತ್ತಿಲ್ಲದವರು ಎಷ್ಟಿದ್ದರೆಂಬ ಅಂದಾಜು.
ಅದೇ ಹಳದಿ ಹಿಟ್ಟನ್ನು ನಾನು ಕೂಸಾಗಿದ್ದಾಗ
ಅಜ್ಜಿ ತೊಡೆಸಂದಿಗೆ ಹಚ್ಚುತ್ತಿದ್ದಳಂತೆ.
ನೀರು ಅಂಟುವುದಿಲ್ಲ ಅದಕ್ಕೆ.

ಭಾನುವಾರ ಪಾರಿವಾಳಗಳಿಗೆ ಬಟಾಣಿ ಚೆಲ್ಲುತ್ತ ಅಪ್ಪ ಕೇಳಿದ:
ಎಷ್ಟಾಯಿತು ಒತೀಲಿಯಾ, ಈ ವಾರ?
ಮೂರು ಸಾವಿರ, ಅಂದೆ.
ನಕ್ಕ. ನಗು ಕೆಮ್ಮಾಯಿತು,
ಕೆಮ್ಮು ಗೂಡಿನ ಬಾಗಿಲು ಹಿಡಿದು ನಿಲ್ಲುವವರೆಗೂ ಬೆಳೆಯಿತು.
ಎದೆ ತಟ್ಟಿಕೊಂಡ.
ಇಪ್ಪತ್ತೊಂಬತ್ತು ವರ್ಷ ಎಳೆದುಕೊಂಡ ಉಸಿರು,
ಇದರೊಳಗಿರುವವರನ್ನು ಯಾವಾಗ ಎಣಿಸುತ್ತೀ?
ನನಗೂ ಒಂದು ಮಾತ್ರೆ ಕೊಟ್ಟು ನೋಡು.

ಉತ್ತರ ಹೊಳೆಯಲಿಲ್ಲ. ಪಾರಿವಾಳದ ನೀರು ಬದಲಿಸಿದೆ.

ಇನ್ನೂರ ಹದಿಮೂರು.
ಇದರ ಗೆರೆ ತುಸು ಬಿರಿದಿದೆ.
ಮೊಳಕೆ ಹೊರಬರುವುದು ಅಲ್ಲಿಂದಲೇ,
ಬೇರೆ ಕಡೆಯೆಲ್ಲ ಗೋಡೆ ಗಟ್ಟಿ.
ಗುಂಡಿ ಒತ್ತುತ್ತೇನೆ.